ಉದ್ಯಮಕ್ಕೆ ಹುಷಾರಿಲ್ಲ ಎಂದು ನಾನು ಬರೆದ ನೋಟೀಸುಗಳು

ನನ್ನ ತಮ್ಮನ ಮಗಳು ಹೊಸಕೋಟೆ ಕಡೆಯ ಒಂದು ಕಾರ್ಖಾನೆಯಲ್ಲಿ ಎಚ್.ಆರ್. ವಿಭಾಗಕ್ಕೆ ಸೇರಿದ್ದಾಳೆ. ಸೇರಿದ ವಾರವೇ ಫೋನ್ ಮಾಡಿ, "ದೊಡ್ಡಪ್ಪ, ನೀವು ಇಡೀ ಸರ್ವೀಸು ಇದೇ ಕೆಲಸ ಮಾಡಿದ್ದೀರ. ಏನಾದ್ರೂ ಟಿಪ್ಸ್ ಕೊಡಿ" ಅಂದಳು. ನಾನು ಕೆಲಸಕ್ಕೆ ಸೇರಿದಾಗ ಅದಕ್ಕೆ ಎಚ್.ಆರ್. ಅನ್ನುತ್ತಿರಲಿಲ್ಲ, ಪರ್ಸನಲ್ ಡಿಪಾರ್ಟ್‌ಮೆಂಟ್ ಅನ್ನುತ್ತಿದ್ದರು. ಹೆಸರು ಬದಲಾದ ದಿನ ನಮಗೆಲ್ಲ ಒಂದೊಂದು ಕಾಫಿ ಮಗ್ ಕೊಟ್ಟರು. ಕೆಲಸ ಹಾಗೇ ಇತ್ತು. ಟಿಪ್ಸ್ ಕೊಡುವಷ್ಟು ಜಾಣತನ ನನಗಿಲ್ಲ ಮಗಳೇ. ನಡೆದದ್ದನ್ನು ಬರೆಯುತ್ತೇನೆ, ಬೇಕಾದ್ದು ತಗೋ.

ನಮ್ಮದು ದೇವನಹಳ್ಳಿ ಕಡೆಯ ವಿಜಯಪುರ. ಅಪ್ಪ ರೇಷ್ಮೆ ನೂಲು ತೆಗೆಯುತ್ತಿದ್ದರು. ಬಿಸಿನೀರಿನಲ್ಲಿ ಗೂಡು ಬೇಯುವ ವಾಸನೆ ನನಗೆ ಆಗುತ್ತಿರಲಿಲ್ಲ. ಅದರಿಂದ ತಪ್ಪಿಸಿಕೊಳ್ಳಲಿಕ್ಕೆಂದೇ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸು ಮಾಡಿಕೊಂಡೆ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳಿಗೆ ಕ್ಲಚ್ ಪ್ಲೇಟ್ ಮಾಡುವ ಕಂಪನಿಯೊಂದು ಎರಡೂ ಭಾಷೆ ಬರುವ ಟೈಪಿಸ್ಟ್ ಬೇಕು ಅಂದಿತ್ತು. ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ಹೋದೆ, ಅವತ್ತೇ ತಗೊಂಡರು.

ನನ್ನ ಮೇಲಿನವರು ಚಕ್ರಪಾಣಿ ಸಾಹೇಬರು. ನನಗಿಂತ ಐದು ವರ್ಷ ಚಿಕ್ಕವರು, ಕಾಲೇಜಿನಿಂದ ಸೀದಾ ಬಂದು ಆಫೀಸರ್ ಆಗಿದ್ದರು. ಕೊನೆಗೆ ಇಡೀ ವಿಭಾಗಕ್ಕೇ ಮುಖ್ಯಸ್ಥರಾದರು. ಮೊದಲ ದಿನವೇ ಒಂದು ಇಂಗ್ಲಿಷ್ ಹಾಳೆ ಕೊಟ್ಟು, "ಕನ್ನಡ ಮಾಡಿ, ಬೋರ್ಡಿಗೆ ಹಾಕ್ಬೇಕು" ಅಂದರು. ನಾನು ಮಾಡಿದ್ದು ಹೀಗಿತ್ತು: "ವಾಹನ ಉದ್ಯಮವು ಹಿಂದೆಂದೂ ಕಾಣದ ಸಂಕಷ್ಟವನ್ನು ಎದುರಿಸುತ್ತಿರುವುದರಿಂದ ಕಾರ್ಮಿಕ ಬಾಂಧವರು ಸಹಕರಿಸಬೇಕಾಗಿ ವಿನಂತಿ."

ಟೈಪು ಮಾಡಿದ ಹಾಳೆಯನ್ನು ಅವರ ಮುಂದಿಟ್ಟೆ. "ಸಾರ್, ನಾನು ಇವತ್ತು ತಾನೆ ಸೇರಿದ್ದೀನಿ. ಕಂಪನಿ ಮುಚ್ಚಿ ಹೋಗುತ್ತಾ?" ಅಂತ ಕೇಳಿದೆ.

ಸಾಹೇಬರು ನಕ್ಕರು. "ಏನೂ ಆಗಲ್ಲ ನಾಗರಾಜ್. ಅಗ್ರಿಮೆಂಟ್ ಬರ್ತಾ ಇದೆ, ಅಷ್ಟೆ."

ಅಗ್ರಿಮೆಂಟ್ ಅಂದರೆ ಕಾರ್ಮಿಕ ಸಂಘಕ್ಕೂ ಕಂಪನಿಗೂ ಆಗುವ ಸಂಬಳದ ಒಪ್ಪಂದ. ಮೂರು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಆಮೇಲೆ ನನಗೆ ಗೊತ್ತಾಯಿತು, ವಾಹನ ಉದ್ಯಮಕ್ಕೆ ಬರುವ ಕಾಯಿಲೆಯೂ ಮೂರು ವರ್ಷಕ್ಕೊಮ್ಮೆಯೇ ಬರುತ್ತದೆ. ಸಂಘ ಬೇಡಿಕೆ ಪಟ್ಟಿ ಕೊಟ್ಟ ದಿನ ಜ್ವರ ಏರುತ್ತದೆ, ಸಹಿ ಬಿದ್ದ ದಿನ ಇಳಿಯುತ್ತದೆ. ಗಾಡಿ ಮಾರಾಟ ಕಡಿಮೆಯಾದರೆ ಬೇಡಿಕೆ ಕುಸಿದಿದೆ ಎಂದು ಬರೆಯುತ್ತಿದ್ದೆ. ಜಾಸ್ತಿಯಾದರೆ ಕಬ್ಬಿಣದ ಬೆಲೆ ಏರಿದೆ ಎಂದು ಬರೆಯುತ್ತಿದ್ದೆ. ಎರಡೂ ಆಗದೆ ಇದ್ದರೆ ಅನಿಶ್ಚಿತತೆ ಎಂದು ಬರೆಯುತ್ತಿದ್ದೆ. ಒಂದು ಸಲ ನೋಟೀಸು ಅಂಟಿಸಲು ಗೋಡೆಯೇ ಸಿಗಲಿಲ್ಲ. ಬೋರ್ಡು ಇದ್ದ ಗೋಡೆಯನ್ನು ಒಡೆದು ಎರಡನೇ ಶೆಡ್ ಕಟ್ಟುತ್ತಿದ್ದರು.

ನಾನು ಅಂಟಿಸಿದ್ದನ್ನು ನಿಜವಾಗಿ ಓದುತ್ತಿದ್ದವನು ಒಬ್ಬನೇ, ಮುನಿರಾಜು. ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯವನು, ಪ್ರೆಸ್ ಶಾಪಿನ ಆಪರೇಟರ್, ಸಂಘದ ಕಾರ್ಯದರ್ಶಿ. ಬೆಳಗಿನ ಶಿಫ್ಟಿಗೆ ಬಂದವನು ಕೈ ಹಿಂದೆ ಕಟ್ಟಿಕೊಂಡು ಬೋರ್ಡಿನ ಮುಂದೆ ನಿಂತು ಒಂದೊಂದೇ ಅಕ್ಷರ ಓದುತ್ತಿದ್ದ. ಒಂದು ದಿನ ಕರೆದು, "ನಾಗರಾಜಣ್ಣ, ಸಂಕಷ್ಟದಲ್ಲಿ ಒತ್ತು ಬಿಟ್ಟೋಗಿದೆ ನೋಡಿ. ಕಷ್ಟ ಅರ್ಧ ಕಮ್ಮಿ ಆಗೋಯ್ತು" ಅಂದ. ನಾನು ಪೆನ್ನಿನಲ್ಲಿ ತಿದ್ದಿದೆ. ಅವನು ಪಕ್ಕದಲ್ಲಿ ನಿಂತು, "ಈಗ ಸರಿಯಾಯ್ತು, ಪೂರ್ತಿ ಕಷ್ಟ ಬಂತು" ಅಂದ.

ಮಾತುಕತೆ ನಡೆಯುವಾಗ ನಾನು ಮೂಲೆಯಲ್ಲಿ ಕುಳಿತು ಬರೆದುಕೊಳ್ಳಬೇಕಿತ್ತು. ಆಡಳಿತದ ಕಡೆಯವರು ಗೋಡೆಯ ಮೇಲೆ ಚಿತ್ರ ಬಿಟ್ಟು ಮಾರಾಟದ ಗೆರೆಗಳು ಹೇಗೆ ಕೆಳಗಿಳಿಯುತ್ತಿವೆ ಎಂದು ತೋರಿಸುತ್ತಿದ್ದರು. ಕೋಣೆ ಕತ್ತಲಾದ ಕೂಡಲೇ ಸಂಘದ ಕಡೆಯ ಒಬ್ಬರಿಬ್ಬರು ಗೊರಕೆ ಹೊಡೆಯುತ್ತಿದ್ದರು, ಪಾಪ, ಶಿಫ್ಟು ಮುಗಿಸಿ ಬಂದವರು. ಮುನಿರಾಜು ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ. ಒಂದು ಸಲ ಚಕ್ರಪಾಣಿ ಸಾಹೇಬರು, "ಜನ ಗಾಡಿ ತಗೋತಾ ಇಲ್ಲ ಮುನಿರಾಜು, ನಾವು ಏನು ಮಾಡೋಣ?" ಅಂದರು.

"ನಾವೂ ಜನಾನೇ ಅಲ್ವಾ ಸಾರ್" ಅಂದ ಮುನಿರಾಜು. "ನಮ್ಮ ಕೈಗೂ ಸ್ವಲ್ಪ ಕೊಟ್ರೆ ನಾವೂ ತಗೋತೀವಲ್ಲ."

ಸಾಹೇಬರು ನನ್ನ ಕಡೆ ತಿರುಗಿ, "ಅದನ್ನ ಬರ್ಕೋಬೇಡಿ" ಅಂದರು. ನಾನು ಬರೆದುಕೊಳ್ಳಲಿಲ್ಲ. ಅದಕ್ಕೇ ಇವತ್ತಿಗೂ ನೆನಪಿದೆ.

ಇನ್ನು ನನ್ನ ದೊಡ್ಡ ತಪ್ಪು. ಕಂಪ್ಯೂಟರ್ ಬಂದಾಗ ಅದರಂಥ ಉಪಕಾರಿ ವಸ್ತು ಇನ್ನೊಂದಿಲ್ಲ ಅಂದುಕೊಂಡೆ. ಹಳೆಯ ನೋಟೀಸನ್ನು ತೆಗೆದು ತಾರೀಖು ಬದಲಾಯಿಸಿದರೆ ಹೊಸ ನೋಟೀಸು ತಯಾರು. ಒಂದು ವರ್ಷ ಅಗ್ರಿಮೆಂಟ್ ಸಮಯಕ್ಕೆ ಹಾಗೇ ಮಾಡಿದೆ. ಚಕ್ರಪಾಣಿ ಸಾಹೇಬರು ಕನ್ನಡ ಓದುವಷ್ಟು ಪುರುಸೊತ್ತಿನವರಲ್ಲ, ಸಹಿ ಹಾಕಿದರು. ಬೋರ್ಡಿಗೆ ಅಂಟಿಸಿ ಊಟಕ್ಕೆ ಹೋದೆ.

ಮಧ್ಯಾಹ್ನ ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಜನ ಸೇರಿದ್ದರು. ಮುನಿರಾಜು ಒಂದು ಸಿಮೆಂಟ್ ದಿಮ್ಮಿಯ ಮೇಲೆ ನಿಂತಿದ್ದ. ಕೈಯಲ್ಲಿ ಒಂದು ಹಳೆಯ ಫೈಲು. ನಾನು ಸೇರಿದಾಗಿನಿಂದ ಬರೆದ ಅಷ್ಟೂ ನೋಟೀಸನ್ನು ಅವನು ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದ. ನನ್ನ ಹತ್ತಿರ ಕೂಡ ಅಷ್ಟು ಇರಲಿಲ್ಲ. ಒಂದೊಂದಾಗಿ ತೆಗೆದು ಓದಿದ. ಎಲ್ಲದರಲ್ಲೂ ಹಿಂದೆಂದೂ ಕಾಣದ ಸಂಕಷ್ಟ.

"ಹಿಂದೆಂದೂ ಕಾಣದ್ದನ್ನ ನಮ್ಮ ಕಂಪನಿ ಇದು ಏಳನೇ ಸಲ ಕಾಣ್ತಾ ಐತೆ" ಅಂದ. ಜನ ನಕ್ಕರು. ಅವನು ಕೈ ಎತ್ತಿ ಸುಮ್ಮನಾಗಿಸಿದ. "ಇವತ್ತಿಂದು ಕೇಳ್ರಪ್ಪ. ಸ್ಕೂಟರ್ ಮಾರಾಟ ಕುಸಿದಿರುವುದರಿಂದ ಅಂತ ಬರ್ದವ್ರೆ. ಲೇ, ಸ್ಕೂಟರ್ ಪ್ಲೇಟ್ ಮಾಡೋ ಮಿಷನ್ನ ಗುಜರಿಗೆ ಹಾಕಿ ಎಷ್ಟು ವರ್ಷ ಆಯ್ತ್ರೋ?"

ನಾನು ಹಾಜರಿ ಹಾಕುವ ಟೈಂ ಆಫೀಸಿನ ಕಿಟಕಿಯ ಹಿಂದೆ ನಿಂತು ಕೇಳುತ್ತಿದ್ದೆ. ಆ ನಗು ಇಡೀ ರಸ್ತೆಗೆ ಕೇಳಿಸಿತು. ಪಕ್ಕದ ಕಾರ್ಖಾನೆಯ ಸೆಕ್ಯೂರಿಟಿಯವರೂ ಬಂದು ನಿಂತರು. ಆ ಸಲ ಸರ್ಕಾರದ ಕಾರ್ಮಿಕ ಅಧಿಕಾರಿಗಳ ಮುಂದೆ ಮಾತುಕತೆಗೆ ಕುಳಿತಾಗ ಮುನಿರಾಜು ಅದೇ ಫೈಲನ್ನು ಮೇಜಿನ ಮೇಲಿಟ್ಟ. ಆಡಳಿತದವರು ಗೆರೆಯ ಚಿತ್ರಗಳನ್ನು ತೆಗೆಯಲೇ ಇಲ್ಲ. ಸಂಘ ಕೇಳಿದ್ದಕ್ಕೆ ಹತ್ತಿರ ಹತ್ತಿರ ಸಿಕ್ಕಿತು. ನನ್ನ ಇಡೀ ಸರ್ವೀಸಿನಲ್ಲಿ ಕಾರ್ಮಿಕರಿಗೆ ನಾನು ಮಾಡಿದ ಒಂದೇ ಒಂದು ಉಪಕಾರ ಅದು, ಅದೂ ಸೋಮಾರಿತನದಿಂದ.

ಸಹಿಯಾದ ದಿನ ಮುನಿರಾಜು ನನ್ನ ಟೇಬಲಿಗೆ ಒಂದು ಡಬ್ಬಿ ಮೈಸೂರು ಪಾಕ್ ತಂದಿಟ್ಟ. "ಈ ಸಲ ನಮ್ಮ ಕಡೆ ಚೆನ್ನಾಗಿ ಕೆಲಸ ಮಾಡಿದ್ದು ನೀವೇ ನಾಗರಾಜಣ್ಣ" ಅಂದ. ಚಕ್ರಪಾಣಿ ಸಾಹೇಬರು ಗಾಜಿನ ಬಾಗಿಲಿನಿಂದ ನೋಡುತ್ತಿದ್ದರು. ಮರುವಾರ ನನ್ನನ್ನು ಗುತ್ತಿಗೆ ಕೆಲಸಗಾರರ ವಿಭಾಗಕ್ಕೆ ಹಾಕಿದರು. "ಅಲ್ಲಿ ಬರವಣಿಗೆ ಕಮ್ಮಿ" ಅಂದರು.

ನಿಜವೇ, ಅಲ್ಲಿ ಬರವಣಿಗೆ ಕಮ್ಮಿ. ಗುತ್ತಿಗೆಯವರಿಗೆ ನೋಟೀಸು ಹಾಕುವ ಪದ್ಧತಿಯೇ ಇರಲಿಲ್ಲ. ಹಾಜರಿ ಹಾಕುವವನು ನಾನು, ಯಾರು ಯಾವ ಮಿಷನ್ನಿಗೆ ಎಂದು ಹೇಳುವವನು ನಾನು, ರಜೆ ಕೊಡುವವನು ನಾನು. ಆದರೆ ಕಾಗದದ ಮೇಲೆ ಅವರು ಕಂಪನಿಯವರಲ್ಲ, ಕಂಟ್ರಾಕ್ಟರಿನವರು. ಕಂಟ್ರಾಕ್ಟರು ಯಾರು ಎಂದು ನಾನು ಯಾವತ್ತೂ ನೋಡಲಿಲ್ಲ. ವಿಳಾಸ ನೆಲಮಂಗಲದ್ದು. ಒಮ್ಮೆ ಆ ಕಡೆ ಮದುವೆಗೆ ಹೋದಾಗ ಕುತೂಹಲಕ್ಕೆ ಹುಡುಕಿಕೊಂಡು ಹೋದೆ. ಅದೊಂದು ಜೆರಾಕ್ಸ್ ಅಂಗಡಿ. ಅಂಗಡಿಯವನು, "ಕಾಗದ ಬಂದ್ರೆ ಇಲ್ಲಿ ಇಟ್ಟಿರ್ತೀನಿ, ಯಾರೋ ಬಂದು ತಗೊಂಡು ಹೋಗ್ತಾರೆ" ಅಂದ.

ಎರಡು ಮೂರು ವರ್ಷಕ್ಕೊಮ್ಮೆ ಕಂಟ್ರಾಕ್ಟರು ಬದಲಾಗುತ್ತಿದ್ದ. ಕೆಲಸ ಮಾಡುವವರು ಬದಲಾಗುತ್ತಿರಲಿಲ್ಲ. ಅದೇ ಜನ, ಅದೇ ಮಿಷನ್ನು. ಐಡಿ ಕಾರ್ಡು ನೇತುಹಾಕುವ ಪಟ್ಟಿಯ ಬಣ್ಣ ಮಾತ್ರ ನೀಲಿ ಇದ್ದದ್ದು ಹಸಿರಾಗುತ್ತಿತ್ತು, ಹಸಿರು ಇದ್ದದ್ದು ಕೆಂಪಾಗುತ್ತಿತ್ತು. ಪಟ್ಟಿ ಬದಲಾದ ದಿನ ಎಲ್ಲರೂ ಹೊಸದಾಗಿ ಅರ್ಜಿ ತುಂಬಬೇಕು. ಅವತ್ತು ಅವರ ಹಳೇ ಸರ್ವೀಸು ಸೊನ್ನೆ.

ಅವರಲ್ಲಿ ರತ್ನಮ್ಮ ಎಂಬುವರು ಇದ್ದರು. ದೊಡ್ಡಬಳ್ಳಾಪುರದವರೇ. ಪ್ಲೇಟಿಗೆ ಹೊಡೆದ ರಿವೆಟ್ಟು ಸರಿಯಾಗಿ ಕೂತಿದೆಯೇ ಎಂದು ನೋಡುವ ಕೆಲಸ. ಬೆರಳಲ್ಲಿ ಸವರಿಯೇ ಸಡಿಲ ಇದ್ದದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ಹನ್ನೊಂದು ವರ್ಷ ಕೆಲಸ ಮಾಡಿದ್ದರು, ದಾಖಲೆಯ ಪ್ರಕಾರ ನಾಲ್ಕು ಸಲ ಹೊಸದಾಗಿ ಸೇರಿದ್ದರು. ಅದೇ ಸಾಲಿನಲ್ಲಿ ಅದೇ ಕೆಲಸ ಮಾಡುವ ಕಾಯಂ ಕಾರ್ಮಿಕನಿಗೆ ಬರುವ ಸಂಬಳದಲ್ಲಿ ಅರ್ಧವೂ ಅವರಿಗೆ ಬರುತ್ತಿರಲಿಲ್ಲ. ಅಗ್ರಿಮೆಂಟಿನ ಮೈಸೂರು ಪಾಕ್ ಕೂಡ ಅವರ ಸಾಲನ್ನು ದಾಟಿಕೊಂಡು ಹೋಗುತ್ತಿತ್ತು.

ಒಮ್ಮೆ ಮುನಿರಾಜುವನ್ನು ಕೇಳಿದೆ, "ಇವರ ವಿಚಾರಾನೂ ಬೇಡಿಕೆ ಪಟ್ಟಿಗೆ ಸೇರಿಸಬಹುದಲ್ಲಪ್ಪ?"

"ಅವರು ನಮ್ಮ ಮೆಂಬರ್ ಅಲ್ವಲ್ಲ ನಾಗರಾಜಣ್ಣ."

"ಮೆಂಬರ್ ಮಾಡ್ಕೊಳ್ಳಿ."

"ಕಾಯಂ ಆಗಿರೋರನ್ನ ಮಾತ್ರ ಮಾಡ್ಕೋಬೋದು, ನಮ್ಮ ರೂಲ್ಸು" ಅಂದ. ಕಂಪನಿಯ ರೂಲ್ಸನ್ನು ಗೇಟಿನಲ್ಲಿ ನಿಂತು ಹರಿದು ಹಾಕುತ್ತಿದ್ದ ಮನುಷ್ಯ, ತನ್ನ ಸಂಘದ ರೂಲ್ಸನ್ನು ಮಂಗಳಾರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ. ನಾನೂ ನನ್ನ ಟೇಬಲಿಗೆ ವಾಪಸು ಹೋದೆ. ನಾನು ಯಾವ ದೊಡ್ಡ ಮನುಷ್ಯ, ರಜೆ ಚೀಟಿಗೆ ಸಹಿ ಹಾಕುವವನು.

ಆಮೇಲೆ ಒಂದು ವರ್ಷ ಉದ್ಯಮಕ್ಕೆ ನಿಜವಾಗಿಯೂ ಹುಷಾರು ತಪ್ಪಿತು. ದೊಡ್ಡ ಕಾರು ಕಂಪನಿಗಳು ಕೊಟ್ಟಿದ್ದ ಆರ್ಡರನ್ನು ವಾಪಸು ತಗೊಂಡವು. ತಯಾರಾದ ಪ್ಲೇಟುಗಳನ್ನು ಇಡಲು ಜಾಗವಿಲ್ಲದೆ ಸೈಕಲ್ ಸ್ಟ್ಯಾಂಡಿನಲ್ಲಿ ಪೇರಿಸಿದರು. ಮುಂದೆ ಕರೆಂಟಿನ ಗಾಡಿ ಬರುತ್ತದೆ, ಅದಕ್ಕೆ ಕ್ಲಚ್ಚೇ ಇರುವುದಿಲ್ಲ ಎಂಬ ಮಾತು ಬೇರೆ. ಚಕ್ರಪಾಣಿ ಸಾಹೇಬರು ನನ್ನನ್ನು ಕರೆಸಿ ನೋಟೀಸು ಬರೆಸಿದರು. ಬೋರ್ಡಿನಲ್ಲಿ ಎರಡು ದಿನ ಇತ್ತು. ಯಾರೂ ನಿಂತು ನೋಡಲಿಲ್ಲ. ಅಗ್ರಿಮೆಂಟ್ ಹತ್ತಿರ ಬಂತು ಅಂದುಕೊಂಡರು.

ಕೊನೆಗೆ ಸಾಹೇಬರೇ ಪ್ರೆಸ್ ಶಾಪಿಗೆ ಇಳಿದು ಬಂದರು. "ಮುನಿರಾಜು, ಈ ಸಲ ನಿಜವಾಗ್ಲೂ ಕಷ್ಟ ಇದೆ" ಅಂದರು.

"ಹೋದ ಸಲಾನೂ ನಿಜವಾಗ್ಲೂ ಅಂತಾನೇ ಇತ್ತಲ್ಲ ಸಾರ್" ಅಂದ ಅವನು. ಸಾಹೇಬರು ಅವನ ತೋಳು ಹಿಡಿದು ಸೈಕಲ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಪೇರಿಸಿದ ಮಾಲು ತೋರಿಸಿದರು. ಅದನ್ನು ನೋಡಿ ಮುನಿರಾಜುವಿನ ಮುಖ ಇಳಿಯಿತು.

ಆಮೇಲೆ ನಡೆದ ಒಪ್ಪಂದದಷ್ಟು ಬೇಗ ಮುಗಿದ ಒಪ್ಪಂದವನ್ನು ನಾನು ನೋಡಿಲ್ಲ. ಟೀ ಬರುವ ಮುಂಚೆ ಮುಗಿಯಿತು. ಕಾಯಂ ಕಾರ್ಮಿಕರಲ್ಲಿ ಒಬ್ಬರನ್ನೂ ತೆಗೆಯುವುದಿಲ್ಲ. ಸಂಘ ಒಂದು ವರ್ಷ ಏನೂ ಕೇಳುವುದಿಲ್ಲ. ಗುತ್ತಿಗೆಯವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಲ್ಲದ ಆ ಸಾಲನ್ನು ಎರಡೂ ಕಡೆಯವರು ಸರಿಯಾಗಿ ಓದಿಕೊಂಡರು.

ನನಗೆ ಹೇಳಿದ ಕೆಲಸ ಸುಲಭದ್ದು. ಗುತ್ತಿಗೆಯವರ ಹೆಸರಿನ ಪಟ್ಟಿಯನ್ನು ಸೆಕ್ಯೂರಿಟಿಗೆ ಕೊಡುವುದು. ಮರುದಿನ ಬೆಳಿಗ್ಗೆ ಗುತ್ತಿಗೆಯವರು ಗೇಟಿನಲ್ಲಿ ಕಾರ್ಡು ತೋರಿಸಿದರೆ ಹಸಿರು ದೀಪದ ಬದಲು ಕೆಂಪು ದೀಪ ಬಂತು. ನಾನು ಗೇಟಿನ ಒಳಗಡೆ ನಿಂತಿದ್ದೆ. ರತ್ನಮ್ಮ ಊಟದ ಚೀಲ ಹಿಡಿದುಕೊಂಡು ಮುಂದೆ ಬಂದರು.

"ನಮ್ಮನ್ನ ತೆಗೆದಿದ್ದು ಯಾರು ಸಾರ್?"

"ನಿಮ್ಮ ಕಂಟ್ರಾಕ್ಟರು ಕಣಮ್ಮ."

"ಹಂಗಾದ್ರೆ ಅವರನ್ನ ತೋರ್ಸಿ. ಅವರತ್ರಾನೇ ಮಾತಾಡ್ತೀವಿ."

ನನಗೆ ಆ ಜೆರಾಕ್ಸ್ ಅಂಗಡಿ ನೆನಪಾಯಿತು. ಅವರೆಲ್ಲ ಸಂಜೆಯವರೆಗೂ ಗೇಟಿನ ಹೊರಗೆ ಕುಳಿತಿದ್ದರು. ಶಿಫ್ಟು ಬಿಟ್ಟಾಗ ಕಾಯಂ ಕಾರ್ಮಿಕರು ಅವರ ಮಧ್ಯೆಯೇ ದಾರಿ ಮಾಡಿಕೊಂಡು ನೆಲ ನೋಡುತ್ತಾ ಹೋದರು. ಮುನಿರಾಜುವೂ ಹಾಗೇ ಹೋದ.

ವರ್ಷ ತುಂಬುವ ಮುಂಚೆ ಆರ್ಡರು ಬಂತು. ಕರೆಂಟಿನ ಗಾಡಿ ಬಂದರೂ ಹಳೆಯ ಗಾಡಿ ಎಲ್ಲೂ ಹೋಗಲಿಲ್ಲ. ಕಂಪನಿ ಹೊಸ ಕಂಟ್ರಾಕ್ಟರು, ಹೊಸ ಬಣ್ಣದ ಪಟ್ಟಿ, ಈ ಸಲ ಹೊಸ ಮುಖಗಳನ್ನೂ ತಂದಿತು. ಹಳಬರು ಊರಿನ ಇನ್ನೊಂದು ಸಂಘದ ಸಹಾಯದಿಂದ ಕೇಸು ಹಾಕಿದ್ದರು. ಕಂಟ್ರಾಕ್ಟು ಎನ್ನುವುದು ಬರೀ ಕಾಗದ, ನಾವು ಕಂಪನಿಯ ಕೆಲಸದವರೇ ಎಂಬುದು ಅವರ ವಾದ.

ಅಷ್ಟರಲ್ಲಿ ನಾನು ನಿವೃತ್ತನಾದೆ. ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು, ಚಕ್ರಪಾಣಿ ಸಾಹೇಬರು ನಾನು ಸಂಸ್ಥೆಯ ಆಸ್ತಿ ಎಂದು ಭಾಷಣ ಮಾಡಿದರು. ಆಮೇಲೆ ಪಕ್ಕಕ್ಕೆ ಕರೆದು, "ಸೋಮವಾರದಿಂದ ಸಲಹೆಗಾರರಾಗಿ ಬನ್ನಿ. ಕೇಸು ಮುಗಿಯೋವರ್ಗೂ ನೀವು ಬೇಕು" ಅಂದರು. ಪಿ.ಎಫ್. ಪಿಂಚಣಿ ಎಷ್ಟು ಬರುತ್ತದೆ ಎಂದು ನಿನಗೆ ಗೊತ್ತಿದ್ದರೆ ನಾನು ಯಾಕೆ ಹೂಂ ಅಂದೆ ಎಂದು ಕೇಳುವುದಿಲ್ಲ. ಸೋಮವಾರ ಹೋದೆ. ಸೆಕ್ಯೂರಿಟಿಯವರು ಕಿತ್ತಳೆ ಬಣ್ಣದ ಪಟ್ಟಿ ಕೊಟ್ಟರು. ಸಲಹೆಗಾರನನ್ನು ಕಂಪನಿ ನೇರವಾಗಿ ತಗೊಳ್ಳುವ ಹಾಗಿಲ್ಲವಂತೆ. ನಾನು ಕಂಟ್ರಾಕ್ಟರಿನ ಮೂಲಕ ಬಂದವನು. ಹಳೇ ಸರ್ವೀಸು ಸೊನ್ನೆ.

ಕೇಸಿನಲ್ಲಿ ಕಂಪನಿಯ ಪರ ಸಾಕ್ಷಿ ನಾನೇ. ಇಂಗ್ಲಿಷಿನಲ್ಲಿ ತಯಾರಾದ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿಸಿಕೊಂಡರು. ಗುತ್ತಿಗೆಯವರ ಹಾಜರಿ, ರಜೆ, ಕೆಲಸದ ಹಂಚಿಕೆ ಎಲ್ಲವನ್ನೂ ಕಂಟ್ರಾಕ್ಟರಿನ ಮೇಲ್ವಿಚಾರಕರೇ ನೋಡಿಕೊಳ್ಳುತ್ತಿದ್ದರು ಎಂದು ಅದರಲ್ಲಿತ್ತು. ಅಂಥ ವಾಕ್ಯಗಳನ್ನು ಬದುಕಿಡೀ ಬರೆದವನು ನಾನು. ಒಂದು ಸುಳ್ಳು ಜಾಸ್ತಿಯಾದರೆ ಕೈ ನೋಯುತ್ತದೆಯೇ? ಹಾಕಿದೆ.

ಬೆಂಗಳೂರಿನ ಕೋರ್ಟಿಗೆ ಬಸ್ಸಿನಲ್ಲಿ ಹೋದೆ. ರತ್ನಮ್ಮನೂ ಇತರರೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಅವರ ಕಡೆಯ ವಕೀಲೆ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುತ್ತಿದ್ದರು. ನಾನು ಬೈಗುಳಕ್ಕೆ ತಯಾರಾಗಿ ಬಂದಿದ್ದೆ. ಅವರು ಬೈಯಲಿಲ್ಲ.

"ನಾಗರಾಜ್ ಅವರೇ, ಈಗ ಎಲ್ಲಿ ಕೆಲಸ ಮಾಡ್ತಿದ್ದೀರ?"

"ಅದೇ ಕಾರ್ಖಾನೆಯಲ್ಲಿ, ಸಲಹೆಗಾರ."

"ಸಂಬಳ ಯಾರು ಕೊಡ್ತಾರೆ?"

"ಕಂಟ್ರಾಕ್ಟರು."

"ಅವರ ಹೆಸರು?"

ನಾನು ಯೋಚಿಸಿದೆ. ಕೊರಳಲ್ಲಿದ್ದ ಕಾರ್ಡನ್ನು ತಿರುಗಿಸಿ ನೋಡಿ ಓದಿ ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

"ಅವರನ್ನ ನೋಡಿದ್ದೀರಾ?"

"ಇಲ್ಲ."

"ದಿನಾ ನಿಮಗೆ ಕೆಲಸ ಹೇಳೋರು ಯಾರು?"

"ಚಕ್ರಪಾಣಿ ಸಾಹೇಬ್ರು."

"ನಿಮಗೆ ರಜೆ ಬೇಕಾದ್ರೆ?"

"ಸಾಹೇಬ್ರನ್ನೇ ಕೇಳ್ತೀನಿ."

ವಕೀಲೆ, "ಇವರೆಲ್ಲ ಯಾರನ್ನ ಕೇಳ್ತಿದ್ರು?" ಅಂತ ಬೆಂಚಿನ ಕಡೆ ಕೈ ತೋರಿಸಿದರು.

ಪ್ರಮಾಣಪತ್ರದಲ್ಲಿದ್ದ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಹೇಳಲು ಆಗಲಿಲ್ಲ. ಇದನ್ನು ಧೈರ್ಯ ಎಂದು ತಿಳಿಯಬೇಡ. ನನ್ನದೇ ವಿಚಾರಕ್ಕೆ ಒಂದು ಉತ್ತರ ಕೊಟ್ಟು, ಮರುಕ್ಷಣ ಅವರ ವಿಚಾರಕ್ಕೆ ಇನ್ನೊಂದು ಕೊಟ್ಟರೆ ಎಲ್ಲರ ಮುಂದೆ ಪೆದ್ದನಾಗುತ್ತೇನೆ ಅನ್ನಿಸಿತು. "ನನ್ನನ್ನ" ಅಂದೆ. "ಹಾಜರಿ, ರಜೆ, ಮಿಷನ್ನು, ಎಲ್ಲಾ ನಾನೇ ನೋಡ್ತಿದ್ದೆ." ಕಂಪನಿಯ ವಕೀಲರು ಪೆನ್ನಿನ ಮುಚ್ಚಳ ಹಾಕಿದರು.

ಮರುದಿನ ಗೇಟಿನಲ್ಲಿ ನನ್ನ ಕಾರ್ಡಿಗೆ ಕೆಂಪು ದೀಪ ಬಂತು. ಸೆಕ್ಯೂರಿಟಿಯವನು ನಾನೇ ಕೆಲಸಕ್ಕೆ ಸೇರಿಸಿದವನು, ತಲೆ ತಗ್ಗಿಸಿಕೊಂಡು ಪಟ್ಟಿ ವಾಪಸು ತಗೊಂಡ. ಚಕ್ರಪಾಣಿ ಸಾಹೇಬರು ಫೋನ್ ಎತ್ತಲಿಲ್ಲ. ಕೆಲವು ತಿಂಗಳ ನಂತರ ಕಂಪನಿ ತೀರ್ಪಿಗೆ ಕಾಯದೆ ರಾಜಿಗೆ ಬಂತು. ಹೆಚ್ಚು ವರ್ಷ ದುಡಿದವರನ್ನು ಕಾಯಂ ಮಾಡಿಕೊಂಡಿತು, ಉಳಿದವರಿಗೆ ಪರಿಹಾರ ಕೊಟ್ಟು ಕಳಿಸಿತು. ಪೂರ್ತಿ ನ್ಯಾಯ ಅಲ್ಲ. ಆದರೂ ನಾನು ನೋಡಿದ ಅಗ್ರಿಮೆಂಟುಗಳಲ್ಲಿ ಗೇಟಿನ ಕೆಂಪು ದೀಪವನ್ನು ಮತ್ತೆ ಹಸಿರು ಮಾಡಿದ್ದು ಅದೊಂದೇ.

ಮುನಿರಾಜು ಈಗ ನಿವೃತ್ತ. ಒಮ್ಮೆ ಮಧುರೆಯಲ್ಲಿ ಸಿಕ್ಕಿದ್ದ. ಕಾಯಂ ಆಗಿದ್ದವರು ನಿವೃತ್ತರಾದ ಹಾಗೆಲ್ಲ ಆ ಜಾಗಕ್ಕೆ ಗುತ್ತಿಗೆಯವರು ಬಂದು ಮೆಂಬರುಗಳು ಕಮ್ಮಿಯಾಗಿ, ಈಗ ಸಂಘದ ಸಭೆ ಕ್ಯಾಂಟೀನಿನ ಎರಡು ಮೇಜಿನ ಸುತ್ತ ಮುಗಿಯುತ್ತದಂತೆ. "ಅವತ್ತು ಅವರನ್ನೂ ಸೇರಿಸ್ಕೋಬೇಕಿತ್ತು ನಾಗರಾಜಣ್ಣ" ಅಂದ.

"ಯಾಕೆ ಸೇರಿಸ್ಕೊಳ್ಳಲಿಲ್ಲ?"

"ನಮ್ಮ ಜನ ಒಪ್ಪಲ್ಲ ಅಂದ್ಕೊಂಡೆ. ಕೇಳಿ ನೋಡ್ಲೂ ಇಲ್ಲ."

ಹೋದ ತಿಂಗಳು ಪಿಂಚಣಿಯ ಕೆಲಸಕ್ಕೆ ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ರತ್ನಮ್ಮ ಸಿಕ್ಕಿದರು. ಕಾಯಂ ಆದವರ ಯೂನಿಫಾರಂನಲ್ಲೇ ಇದ್ದರು, ಶಿಫ್ಟು ಮುಗಿಸಿ ದೇವನಹಳ್ಳಿಗೆ ಮಗಳ ಮನೆಗೆ ಹೊರಟಿದ್ದರು. ನಾನೂ ಅದೇ ಬಸ್ಸಿಗೆ ಕಾಯುತ್ತಿದ್ದೆ. ಕೃತಜ್ಞತೆಯ ನಾಲ್ಕು ಮಾತು ಬರುತ್ತದೆ ಎಂದು ನಾನು ಆಗಲೇ ಮುಖ ಸಿದ್ಧ ಮಾಡಿಕೊಂಡಿದ್ದೆ.

"ಒಂದು ಕೇಳ್ಲಾ ಸಾರ್?" ಅಂದರು. "ಅವತ್ತು ಕೋರ್ಟಲ್ಲಿ ಹೇಳಿದ್ರಲ್ಲ, ಅದೆಲ್ಲ ನಿಮಗೆ ಮೊದಲಿಂದಾನೂ ಗೊತ್ತಿತ್ತು. ಮುಂಚೆ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲಮ್ಮ."

"ನಾನು ಕೇಳಿದ್ದೆ ಸಾರ್. ಎರಡನೇ ಸಲ ಕಂಟ್ರಾಕ್ಟರು ಬದಲಾದಾಗ. ನಿಮ್ಮ ಟೇಬಲ್ ಹತ್ರ ನಿಂತ್ಕೊಂಡು, ನಾವು ಯಾರ ಕೆಲಸದವರು ಸಾರ್ ಅಂತ ಕೇಳ್ದೆ. ಅರ್ಜಿ ತುಂಬಮ್ಮ, ಹಿಂದೆ ಜನ ಕಾಯ್ತಾವ್ರೆ ಅಂದ್ರಿ."

ಕೋಪದಿಂದ ಹೇಳಲಿಲ್ಲ. ಮಳೆ ಬೆಳೆ ವಿಚಾರ ಮಾತಾಡಿದ ಹಾಗೆ ಹೇಳಿದರು. ನನಗೆ ಅದು ನೆನಪಿಲ್ಲ. ಆಮೇಲೆ ಮನೆಗೆ ಬಂದು ಎಷ್ಟು ಯೋಚಿಸಿದರೂ ಬರಲಿಲ್ಲ. ಮುನಿರಾಜುವಿನ ಹಾಸ್ಯ ಎಲ್ಲಾ ನೆನಪಿದೆ, ಇದೊಂದಿಲ್ಲ.

ಬಸ್ಸು ಬಂತು. ರತ್ನಮ್ಮ ಹತ್ತಿ ಕಿಟಕಿಯಿಂದ, "ಬನ್ನಿ ಸಾರ್, ಸೀಟೈತೆ" ಅಂದರು.

"ನೀವು ಹೋಗಿರಿ ಅಮ್ಮ, ನಾನು ಮುಂದಿನ ಬಸ್ಸಿಗೆ ಬರ್ತೀನಿ" ಅಂದೆ.